ಮೊಣಕಾಲ ಮೇಲಿನ ಗೆರೆ

ಮೊದಲು ಒಂದು ಗುಳ್ಳೆ.

ಬಲಗಾಲಿನ ಹಿಮ್ಮಡಿಗಿಂತ ಸ್ವಲ್ಪ ಮೇಲೆ, ಹುಣಸೆ ಬೀಜದಷ್ಟು. ಉರಿ ಮಾತ್ರ ಆ ಗಾತ್ರದ್ದಲ್ಲ. ಕೆಂಡ ತುಳಿದವನ ಹಾಗೆ ಮಗ್ಗದ ಕುಣಿಯಿಂದ ಎದ್ದುಬಿಟ್ಟೆ. ನನ್ನ ಹೆಂಡತಿ ಗಂಗವ್ವ ಕಂಡಿಕೆಗೆ ನೂಲು ಸುತ್ತುತ್ತಾ ಕೂತಿದ್ದವಳು ಒಮ್ಮೆ ಕಾಲು ನೋಡಿದಳು, ಒಮ್ಮೆ ನನ್ನ ಮುಖ ನೋಡಿದಳು. "ನಾರು," ಎಂದಳು.

ಕುಷ್ಟಗಿ ಸೀಮೆಯ ನಮ್ಮ ಊರಿನಲ್ಲಿ ಇದು ಯಾರಿಗೂ ಹೊಸದಲ್ಲ. ಬೇಸಿಗೆ ಬಂತೆಂದರೆ ಮನೆಗೊಬ್ಬರಿಗಾದರೂ ನಾರು ಹೊರಬೀಳುತ್ತದೆ. ನಾರು ಎಂದರೆ ಹುಳ. ಮೈಯೊಳಗೇ ಮೊಳದುದ್ದ ಬೆಳೆದು, ಒಂದು ದಿನ ಗುಳ್ಳೆ ಒಡೆದು, ಬಿಳಿ ದಾರದ ಹಾಗೆ ತಲೆ ಹೊರಗೆ ಹಾಕುತ್ತದೆ. ಅದನ್ನು ಎಳೆಯುವಂತಿಲ್ಲ. ಕಡ್ಡಿಗೆ ಸುತ್ತಿ, ದಿನಕ್ಕೆ ಬೆರಳಗಲದಷ್ಟು ಮಾತ್ರ ತೆಗೆಯಬೇಕು. ಅವಸರ ಮಾಡಿ ಹರಿದರೆ ಒಳಗಿನ ತುಂಡು ವಿಷವಾಗುತ್ತದೆ. ನಮ್ಮ ಓಣಿಯಲ್ಲೇ ಅಂಥ ಒಬ್ಬರು ಕೋಲೂರಿ ನಡೆಯುತ್ತಾರೆ. ಮಗ್ಗಕ್ಕೆ ಇಳಿದು ಎಷ್ಟೋ ಕಾಲವಾಯಿತು ಅವರು.

ನೇಕಾರನಿಗೆ ಕೈ ಎಷ್ಟೋ ಕಾಲೂ ಅಷ್ಟೇ. ಕುಣಿಯೊಳಗೆ ಕಾಲು ಇಳಿಬಿಟ್ಟು, ಎರಡು ಹಲಗೆಗಳನ್ನು ಒಂದಾದ ಮೇಲೊಂದು ತುಳಿದರೆ ಎಳೆ ಬಾಯಿ ಬಿಡುತ್ತದೆ, ಲಾಳಿ ಓಡುತ್ತದೆ. ಒಂದು ಕಾಲು ಹೋದರೆ ಮಗ್ಗ ಬರೀ ಕಟ್ಟಿಗೆ. ನನಗೆ ಬೇರೆ ಕಸುಬು ಬರುವುದಿಲ್ಲ. ಮಾತು ಬರುತ್ತದೆ, ಅದರಿಂದ ಯಾರ ಹೊಟ್ಟೆಯೂ ತುಂಬುವುದಿಲ್ಲ ಎಂದು ಗಂಗವ್ವ ಆಗಾಗ ನೆನಪು ಮಾಡುತ್ತಾಳೆ.

ಹುಳ ತಲೆ ಹಾಕಿದ ದಿನ ಅವಳೇ ಹೇಳಿದಳು: "ಪೂರಾ ಬರೂತನಕ ಮಗ್ಗಕ್ಕ ಇಳೀಬ್ಯಾಡ್ರಿ. ಸುಮ್ಮಕ ಕಟ್ಟಿಮ್ಯಾಲೆ ಕುಂದರ್ರಿ."

ನಾನು ಸುಮ್ಮನೆ ಕೂರುವವನೇ? ಮಗ್ಗದ ಮೇಲೆ ಯಾರದೋ ಮದುವೆಗೆಂದು ಹಿಡಿದ ಸೀರೆ ಇತ್ತು. ಸೆರಗು ಮಾತ್ರ ಬಾಕಿ. ಕೈಗೆ ಸಿಕ್ಕಿದ್ದು ನೂಲು ಸುತ್ತುವ ಕಂಡಿಕೆ. ಹುಳವನ್ನು ಅದಕ್ಕೇ ಸುತ್ತಿ, ಮೇಲೆ ಅರಿವೆ ಕಟ್ಟಿ, ಕುಣಿಗೆ ಇಳಿದೆ. ಮೆಲ್ಲಗೆ ತುಳಿದರಾಯಿತು ಎಂದುಕೊಂಡೆ. ಮೊದಮೊದಲು ಮೆಲ್ಲಗೇ ತುಳಿದೆ. ಆಮೇಲೆ ಕೈ ಓಟಕ್ಕೆ ಬಿತ್ತು, ಕಾಲೂ ಬಿತ್ತು. ಹಲಗೆಯ ಹಗ್ಗ ಕಂಡಿಕೆಗೆ ಸಿಕ್ಕಿಕೊಂಡದ್ದು ನನಗೆ ಕಾಣಲೇ ಇಲ್ಲ.

ಹರಿಯಿತು.

ಎಳೆ ಹರಿಯುವುದು ನಮಗೆ ದಿನದ ಮಾತು. ಬೆರಳು ಒದ್ದೆ ಮಾಡಿ ಹೊಸೆದರೆ ಕೂಡಿಕೊಳ್ಳುತ್ತದೆ. ಈ ಎಳೆಯ ಒಂದು ತುದಿ ಕಂಡಿಕೆಯಲ್ಲಿತ್ತು, ಇನ್ನೊಂದು ಕಾಲೊಳಗೆ ಸರಿದು ಮಾಯವಾಗಿತ್ತು. ಎಷ್ಟು ಹೊತ್ತು ಆ ತೂತನ್ನೇ ನೋಡುತ್ತಾ ಕೂತೆನೋ ತಿಳಿಯದು. ಆಮೇಲೆ ಉರಿ ತಡೆಯಲಾರದೆ, ಊರಿನವರೆಲ್ಲ ಮಾಡುವುದನ್ನೇ ಮಾಡಿದೆ. ಮೆಟ್ಟಿಲ ಬಾವಿಗೆ ಇಳಿದು, ತಣ್ಣಗಿನ ನೀರಿನಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತೆ.

ಮರುದಿನ ಪಾದ ಊದಿತು. ಅದರ ಮರುದಿನ ಮೀನಖಂಡ. ಜ್ವರ ಬಂತು. ಊರಿನ ವೈದ್ಯರು ಹಚ್ಚಿದ ಬಿಸಿ ಪಟ್ಟು ತೆಗೆದಾಗ ಚರ್ಮ ನೇರಳೆ ಬಣ್ಣಕ್ಕೆ ತಿರುಗಿತ್ತು. ಅವರೇ ಹೇಳಿದರು: "ಇದು ನನ್ನ ಕೈಯಾಗ ಇಲ್ಲ. ಕೊಪ್ಪಳಕ್ಕ ಒಯ್ಯಿರಿ. ಗಂಗಾವತಿ ಹಾದ್ಯಾಗ ಮಿಶನ್ನಿನವರ ದವಾಖಾನಿ ಐತಿ."

"ಅಲ್ಲಿ ಕುಲ ಕೆಡಸ್ತಾರ," ಎಂದೆ ನಾನು.

"ಕೆಡಸಲಿ, ಮದಲ ಗಾಡಿ ಹತ್ರಿ," ಎಂದಳು ಗಂಗವ್ವ.

ಅವಳ ತಮ್ಮ ಗಾಡಿ ಹೂಡಿದ. ದಾರಿಯುದ್ದಕ್ಕೂ ಪ್ರತಿಯೊಂದು ಕಲ್ಲೂ ನನ್ನ ಕಾಲಿಗೇ ಬಡಿಯಿತು. ಗಂಗವ್ವ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಕೈಯಿಂದ ಹಿಡಿದು, ಒಂದು ಮಾತೂ ಆಡದೆ ಕೂತಿದ್ದಳು. ಜಗಳ ಮಾಡದ ಗಂಗವ್ವನನ್ನು ಕಂಡು ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ದವಾಖಾನೆ ಎಂದರೆ ಹಂಚಿನ ಒಂದು ಉದ್ದನೆಯ ಮನೆ, ಒಂದು ವಾರ್ಡು, ಅಂಗಳದಲ್ಲಿ ಬೇವಿನ ಮರ, ಮರದಾಚೆ ಸೇದುವ ಬಾವಿ. ಡಾಕ್ಟರರು ಕಾಲನ್ನು ಒತ್ತಿದರು, ಮೂಸಿದರು, ಥರ್ಮಾಮೀಟರ್ ನೋಡಿದರು. "ಸೆಪ್ಟಿಕ್," ಎಂದರು. ಚರ್ಮದ ಕೆಂಪು ಮೊಣಕಾಲಿನವರೆಗೆ ಏರಿತ್ತು. ಅವರು ಮೇಜಿನ ಮೇಲಿನ ಶಾಯಿಯಲ್ಲಿ ಲೇಖನಿ ಅದ್ದಿ, ಮೊಣಕಾಲಿನ ಮೇಲೆ, ತೊಡೆಯ ಸುತ್ತಲೂ ಒಂದು ಗೆರೆ ಎಳೆದರು.

"ಈ ಕೆಂಪು ಬಣ್ಣ ಗೆರೆಯನ್ನು ದಾಟಿದರೆ ಕಾಲು ತೆಗೆಯಬೇಕಾಗುತ್ತದೆ. ಇಲ್ಲಿ ಆ ಆಪರೇಶನ್ ಆಗುವುದಿಲ್ಲ, ರೈಲಿನಲ್ಲಿ ಗದಗಿಗೆ ಕಳಿಸುತ್ತೇನೆ."

"ದಾಟದಿದ್ರ?" ಎಂದು ಕೇಳಿದೆ.

"ದಾಟದ ಹಾಗೆ ನೋಡಿಕೊಳ್ಳೋಣ," ಎಂದರು. ಆ ಮಾತಿನಲ್ಲಿ ಧೈರ್ಯ ಹುಡುಕಿದೆ. ಹೆಚ್ಚೇನೂ ಸಿಗಲಿಲ್ಲ.

ಕೀವು ಇಳಿಸುವ ಸಲ್ಫಾ ಗುಳಿಗೆ ಕೊಟ್ಟರು. ವಿಲಾಯತಿಯವರ ಯುದ್ಧದಿಂದಾಗಿ ಅದು ಸಿಗುವುದೇ ಕಷ್ಟವಂತೆ. ಹೊತ್ತಿಗೆ ಸರಿಯಾಗಿ ನುಂಗಬೇಕು, ಮೇಲೆ ನೀರು ಧಾರಾಳವಾಗಿ ಕುಡಿಯಬೇಕು, ನೀರು ಕಡಿಮೆಯಾದರೆ ಆ ಗುಳಿಗೆಯೇ ಒಳಗೆ ಹಾನಿ ಮಾಡುತ್ತದೆ ಎಂದು ಮತ್ತೆ ಮತ್ತೆ ಹೇಳಿದರು. ಯಲಬುರ್ಗಾ ಕಡೆ ಜ್ವರ ಎದ್ದಿದ್ದರಿಂದ ಮರುದಿನ ಬೆಳಿಗ್ಗೆ ಅವರು ಅಲ್ಲಿಗೆ ಹೋಗಬೇಕಿತ್ತು. ನನ್ನನ್ನು ನರ್ಸ್ ಲೇಯಮ್ಮನ ಕೈಗೆ ಒಪ್ಪಿಸಿದರು.

ಲೇಯಮ್ಮನಿಗೆ ನಡುವಯಸ್ಸು. ಗಿಡ್ಡನೆಯ ಹೆಂಗಸು, ಬಿಳಿ ಸೀರೆ, ಕತ್ತಿನಲ್ಲಿ ಕರಿದಾರಕ್ಕೆ ಕಟ್ಟಿದ ಸಣ್ಣ ಶಿಲುಬೆ. ಬಿಸಿನೀರಿನ ಬೋಗುಣಿ ತಂದು ನೆಲದ ಮೇಲೆ ಕೂತಳು. ತನ್ನ ಮೊಣಕೈ ನೀರಿನಲ್ಲಿ ಅದ್ದಿ ಬಿಸಿ ನೋಡಿದಳು. ನನ್ನ ಕಾಲನ್ನು ಎತ್ತಿ, ಕೀವು ಸೋರುತ್ತಿದ್ದ ಕಾಲನ್ನು, ತನ್ನ ಮಡಿಲಲ್ಲಿಟ್ಟುಕೊಂಡು ತೊಳೆಯತೊಡಗಿದಳು.

ಗುರುತಿಲ್ಲದ ಹೆಂಗಸು ನನ್ನ ಪಾದ ತೊಳೆಯುವುದೆಂದರೆ! ನಾಚಿಕೆಯಿಂದ ಕಾಲು ಹಿಂದಕ್ಕೆಳೆದೆ. ನೋವಿಗೆ ಚೀರಿದೆ.

"ಎಳೀಬ್ಯಾಡ್ರಿ. ಎಳದದ್ದಕ್ಕ ಅಲ್ಲೇನ್ರೀ ಇಷ್ಟಾಗಿದ್ದು?" ಎಂದಳು. ಕಂಡಿಕೆಯ ಕಥೆ ಗಂಗವ್ವ ಆಗಲೇ ಹೇಳಿಬಿಟ್ಟಿದ್ದಳು.

ಮಾತಿನಲ್ಲಿ ಸೋಲುವುದು ನನಗೆ ಅಭ್ಯಾಸವಿಲ್ಲ. "ನನ್ನ ನಿಮ್ಮ ದೇವರ ಕಡೆ ಎಳಕೊಳ್ಳಾಕ ಎಷ್ಟು ದಿನಾ ಹಿಡೀತೈತಿ?" ಎಂದು ಕೇಳಿದೆ.

"ನಿಮ್ಮಂಥಾ ಬಾಯಿ ಇದ್ದವ್ರನ್ನ ಎಳಕೊಂಡು ಅಂವ ಏನ್ ಮಾಡ್ಯಾನು? ಕಾಲು ಸಡಿಲ ಬಿಡ್ರಿ."

ಗಂಗವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಊರು ಬಿಟ್ಟ ಮೇಲೆ ಮೊದಲ ಸಲ.

ಆದರೆ ಊಟ ನೀರಿನ ವಿಷಯದಲ್ಲಿ ನಾನು ಗಟ್ಟಿಯಾಗಿದ್ದೆ. ನಮ್ಮವರು ಕಂಡಕಂಡವರ ಕೈನೀರು ಕುಡಿಯುವವರಲ್ಲ. ಗಂಗವ್ವ ಬೇವಿನ ಮರದ ಕೆಳಗೆ ಕಲ್ಲು ಹೂಡಿ ರೊಟ್ಟಿ ಬಡಿದಳು. ತಾನೇ ನೀರು ಸೇದಿ ನನ್ನ ಹಾಸಿಗೆಯ ಪಕ್ಕ ಕೊಡ ಇಟ್ಟಳು. ಲೇಯಮ್ಮ ಆ ಕೊಡಕ್ಕೆ ಸೆರಗೂ ತಾಗದ ಹಾಗೆ ಸುತ್ತು ಬಳಸಿ ಓಡಾಡಿದಳು. ಅವಳು ಒಂದು ಮಾತಾದರೂ ಅನ್ನಲಿ, ಜಗಳಕ್ಕಾದರೂ ದಾರಿಯಾಗುತ್ತದೆ ಎಂದು ಕಾದೆ. ಅನ್ನಲಿಲ್ಲ.

ಆ ದಿನ ಮುಗಿಯುವ ಹೊತ್ತಿಗೆ ಕೆಂಪು ಮೊಣಕಾಲು ದಾಟಿತು. ನಾನು ಗೆರೆಯನ್ನೇ ನೋಡುತ್ತಿದ್ದೆ. ನೋಡುತ್ತಿದ್ದರೆ ಹೆದರಿ ನಿಲ್ಲುತ್ತದೇನೋ ಎಂಬಂತೆ.

ಮರುದಿನ ಡಾಕ್ಟರರು ಹೊರಟುಹೋದರು. ಜೋಳದ ಹಿಟ್ಟು ಮುಗಿದಿತ್ತು. ಗಂಗವ್ವ ಕೊಡ ತುಂಬಿಸಿಟ್ಟು, ಕೊಪ್ಪಳದ ಬಜಾರಕ್ಕೆ ನಡೆದಳು. ಬಿಸಿಲೇರುವುದರೊಳಗೆ ಬರುತ್ತೇನೆ ಎಂದಿದ್ದಳು. ಬಿಸಿಲು ಏರಿತು, ಜ್ವರವೂ ಏರಿತು. ಏನೋ ಬಡಬಡಿಸುತ್ತಾ, ಮಗ್ಗದ ಹಲಗೆ ತುಳಿಯುವವನ ಹಾಗೆ ಹಾಸಿಗೆಯಲ್ಲೇ ಕಾಲು ಒದ್ದೆನಂತೆ. ಎಚ್ಚರವಾದಾಗ ಕೊಡ ಉರುಳಿ ಬಿದ್ದಿತ್ತು. ನೀರೆಲ್ಲ ನೆಲ ಕುಡಿದಿತ್ತು.

ಕೆಂಪು ಮತ್ತು ಗೆರೆಯ ನಡುವೆ ಒಂದು ಹೆಬ್ಬೆರಳಿನ ಜಾಗ.

ಲೇಯಮ್ಮ ಗುಳಿಗೆ ತಂದಳು. ಇನ್ನೊಂದು ಕೈಯಲ್ಲಿ ನೀರಿನ ಲೋಟ. ನಾನು ಮುಖ ತಿರುಗಿಸಿದೆ.

"ಗಂಗವ್ವ ಬರಲಿ."

"ಗುಳಿಗಿ ಕಾಯೂದಿಲ್ರೀ. ಹೊತ್ತಾಗೇತಿ."

"ಬರಲಿ ಅಂದೆ."

ಬಾಯಿ ಒಣಗಿ ನಾಲಗೆ ಅಂಗುಳಕ್ಕೆ ಹತ್ತಿತ್ತು. ಲೋಟದಲ್ಲಿ ನೀರು ಅಲುಗಿದ್ದು ಕೇಳಿಸಿತು. ಆದರೂ ತುಟಿ ತೆರೆಯಲಿಲ್ಲ. ಅಪ್ಪ, ಅಜ್ಜ, ಓಣಿಯವರು, ಎಲ್ಲರೂ ನನ್ನ ಬಾಯಿಗೆ ಕೈ ಇಟ್ಟು ಕೂತಂತಿತ್ತು. ಈಗ ಬೈಯುತ್ತಾಳೆ, ಇಲ್ಲವೇ ತನ್ನ ದೇವರ ಮಾತು ತೆಗೆಯುತ್ತಾಳೆ ಎಂದುಕೊಂಡೆ. ಅವಳು ಲೋಟ ಕಿಟಕಿಯಲ್ಲಿಟ್ಟು, ಸರಸರನೆ ಹೊರಗೆ ಹೋದಳು.

ಕಿಟಕಿಯಿಂದ ರಸ್ತೆ ಕಾಣುತ್ತಿತ್ತು. ಸುಡು ಮಧ್ಯಾಹ್ನ. ಲೇಯಮ್ಮ ರಸ್ತೆಯ ನಡುವೆ ನಿಂತು ಬರುವ ಗಾಡಿಗಳಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ಏನೋ ಕೇಳುತ್ತಿದ್ದಳು. ಗಾಡಿ ಮುಂದೆ ಹೋಗುತ್ತಿತ್ತು. ಮತ್ತೊಂದಕ್ಕೆ ಕಾಯುತ್ತಿದ್ದಳು. ಇವಳಿಗೆ ಬಿಸಿಲು ತಲೆಗೇರಿತೇ ಎಂದುಕೊಂಡೆ. ನನ್ನ ಕಾಲು ಮಡಕೆಯ ಎಸರಿನ ಹಾಗೆ ಕುದಿಯುತ್ತಿತ್ತು. ಗೆರೆ ನೋಡಲು ಧೈರ್ಯವಾಗಲಿಲ್ಲ.

ಕೊನೆಗೆ ಅವಳ ಹಿಂದೆ ಒಬ್ಬ ಗಾಡಿಯವನು ಬಂದ. ಯಲಬುರ್ಗಾ ಕಡೆಯಿಂದ ಶೇಂಗಾ ಚೀಲ ಹೇರಿಕೊಂಡು ಕೊಪ್ಪಳ ಸ್ಟೇಶನ್ನಿಗೆ ಹೊರಟವನು. ತನ್ನ ಚರಿಗೆಯಲ್ಲಿ ತಾನೇ ಬಾವಿಯ ನೀರು ಸೇದಿ ತಂದಿದ್ದ.

"ನಾನು ನಿಮ್ಮ ಪೈಕಿನ ಅದೀನಪಾ, ಕುಡಿ," ಎಂದ. "ಈ ಅಕ್ಕಾರು ಹಾದ್ಯಾಗ ನಿಂತು, ಬಂದವ್ರಿಗೆಲ್ಲ ನೀವು ಯಾರ ಪೈಕಿ ಅಂತ ಕೇಳಾಕತ್ತಿದ್ರು. ಒಬ್ಬಾಂವ ಬೈದು ಹೋದ. ಏನಂದಿ ಈಕಿಗೆ ನೀನು?"

ನಿನ್ನ ಕೈನೀರು ಬೇಡ ಎಂದು ಬಾಯಿಬಿಟ್ಟು ಅಂದಿರಲಿಲ್ಲ. ಮುಖ ತಿರುಗಿಸಿದ್ದೆ.

ಗುಳಿಗೆ ನುಂಗಿದೆ. ಚರಿಗೆ ಖಾಲಿ ಮಾಡಿದೆ. ಗಾಡಿಯವನು ಎತ್ತು ಬಿಸಿಲಲ್ಲಿವೆ ಎಂದು ಹೊರಟುಹೋದ. ಲೇಯಮ್ಮ ಬಾಗಿಲ ಹೊಸ್ತಿಲ ಮೇಲೆ ಕೂತು, ನನಗೆ ಬೆನ್ನು ಮಾಡಿ, ಒದ್ದೆ ಅರಿವೆಯನ್ನು ತನ್ನ ಅಂಗಾಲಿಗೆ ಒತ್ತಿಕೊಳ್ಳುತ್ತಿದ್ದಳು. ಚಪ್ಪಲಿ ಬಾಗಿಲ ಬಳಿಯೇ ಇದ್ದವು. ಅವಸರದಲ್ಲಿ ಬರಿಗಾಲಲ್ಲೇ ಓಡಿದ್ದಳು. ಕಾದ ನೆಲದ ಮೇಲೆ ಅಷ್ಟು ಹೊತ್ತು ಅವಳು ಕಾಲು ಬದಲಿಸುತ್ತಾ ನಿಂತದ್ದನ್ನು ನಾನು ಕಿಟಕಿಯಿಂದ ನೋಡಿದ್ದೆ. ನೋಡಿಯೂ ಅರ್ಥವಾಗಿರಲಿಲ್ಲ.

"ಇಷ್ಟಕ್ಕ ಅಷ್ಟು ಯಾಕ ಓಡಿದ್ರಿ?" ಎಂದೆ.

"ನಿಮಗ ನೀರು ಬೇಕಿತ್ತು. ನನ್ನ ಕೈಲಿಂದ ಬ್ಯಾಡಾಗಿತ್ತು. ಮತ್ತೇನ್ ಮಾಡ್ಲಿ?" ಅವಳು ತಿರುಗಲಿಲ್ಲ. "ದೊಡ್ಡ ದೊಡ್ಡ ಕೆಲಸಾ ನನ್ನ ಕೈಲೆ ನೀಗೂದಿಲ್ರೀ. ಓದು ಬರಾ ಭಾಳ ಇಲ್ಲ, ನಾಕು ಮಂದಿ ಮುಂದ ಮಾತಾಡಾಕ ಬರೂದಿಲ್ಲ. ನಮ್ಮ ಸ್ವಾಮಿ ತನ್ನ ಶಿಷ್ಯರ ಕಾಲು ತಾನ ಕುಂತು ತೊಳದಾನ. ಬಾಯಾರಿದವ್ರಿಗೆ ಒಂದು ಬಟ್ಟಲ ನೀರು ಕೊಟ್ರೂ ಮರಿಯಾಂವಲ್ಲ ಅಂತಾರ. ಕಾಲು ತೊಳಿಯೂದು, ನೀರು ಕೊಡೂದು, ಇಷ್ಟ ಆದ್ರ ನನಗೂ ಬರತೈತಿ ಅಂತ ಅಂವನ ಹಿಂದ ಬಂದಾಕಿ ನಾನು."

ನಮ್ಮಲ್ಲಿಯೂ ದೇವರಿಗೆ ನಡೆದುಕೊಳ್ಳುವವರಿದ್ದಾರೆ. ಹುಲಿಗಿಯ ಅಮ್ಮನ ಗುಡಿಗೆ ಬರಿಗಾಲಲ್ಲಿ ಹೋಗಿ ಬಂದವರ ಪಾದಕ್ಕೆ ನಾನೂ ನಮಸ್ಕಾರ ಮಾಡಿದ್ದೇನೆ. ಈಕೆ ಬರಿಗಾಲಲ್ಲಿ ನಿಂತದ್ದು ಯಾವ ಹರಕೆಗೂ ಅಲ್ಲ. ಬಾಯಿಬಡುಕ ನೇಕಾರನೊಬ್ಬನ ಹಟ ಕೆಡಬಾರದು, ಕಾಲೂ ಕೆಡಬಾರದು ಎಂದು. ಗಟ್ಟಿಯಾಗಿ ಅತ್ತುಬಿಡಬೇಕೆನಿಸಿತು. ಜ್ವರದ ನೆಪ ಇತ್ತು, ಅತ್ತೆ.

ಮುಂದಿನ ಗುಳಿಗೆಯ ಹೊತ್ತಾಯಿತು. ಗಂಗವ್ವ ಇನ್ನೂ ಬಂದಿರಲಿಲ್ಲ. ಲೇಯಮ್ಮ ಚಪ್ಪಲಿ ಮೆಟ್ಟಿಕೊಂಡು ಮತ್ತೆ ರಸ್ತೆಯ ಕಡೆ ಹೊರಟಳು.

"ನೀವ ಕೊಡ್ರಿ," ಎಂದೆ.

ಅವಳು ನಿಂತಳು. ಸಂತೋಷಪಡುತ್ತಾಳೆ ಎಂದುಕೊಂಡಿದ್ದೆ. ಅವಳ ಮುಖದಲ್ಲಿ ಕಂಡದ್ದು ಅಂಜಿಕೆ. "ನಿಮ್ಮ ಮನಿಯಾಕಿ ಬರ್ತಾರ್ರೀ, ಇನ್ನೊಂದೀಟು ನೋಡೂಣು. ಜ್ವರದಾಗ ಅಂದು, ಆಮ್ಯಾಲೆ ನಿಮ್ಮ ಮನಸಿಗೆ ಹತ್ತಬಾರದು."

"ಬಾಯಿ ಒಣಗೈತಿ ತಾಯಿ. ಕೊಡ್ರಿ."

ಕಿಟಕಿಯಲ್ಲಿದ್ದ ಲೋಟದ ನೀರು ಚೆಲ್ಲಿ, ಹೊಸದಾಗಿ ಸೇದಿ ತಂದಳು. ಕುಡಿದೆ. ಇನ್ನೊಂದು ಕೇಳಿದೆ. ಅದು ಬಾವಿಯ ನೀರೇ. ರುಚಿಯಲ್ಲಿ ಏನೂ ವ್ಯತ್ಯಾಸವಿರಲಿಲ್ಲ.

ಆಗಲೇ ಗಂಗವ್ವ ಬಾಗಿಲಿಗೆ ಬಂದದ್ದು. ಹಿಟ್ಟಿನ ಗಂಟು ತಲೆಯ ಮೇಲಿತ್ತು. ಗಿರಣಿಯಲ್ಲಿ ಸರದಿ ಬರಲು ತಡವಾಗಿತ್ತಂತೆ. ನನ್ನ ಕೈಯಲ್ಲಿನ ಲೋಟ ನೋಡಿದಳು. ಉರುಳಿದ ಕೊಡ ನೋಡಿದಳು. ಗಂಗವ್ವ ಗಂಟು ಇಳಿಸಿದಳು. ನನ್ನ ಕೈಯಿಂದ ಲೋಟ ತೆಗೆದುಕೊಂಡು ಲೇಯಮ್ಮನ ಮುಂದೆ ಹಿಡಿದಳು.

"ಅಕ್ಕಾರ, ಭಾಳ ದೂರ ನಡದೆ. ನನಗೂ ಒಂದೀಟು ಹಾಕ್ರಿ."

ಸಂಜೆ ಡಾಕ್ಟರರು ಬಂದರು. ಕಂದೀಲು ಹತ್ತಿರ ತರಿಸಿ ಬಗ್ಗಿದರು. ಒಳತೊಡೆಯ ಕಡೆ ಕೆಂಪು ಬಂದು ಶಾಯಿಯ ಗೆರೆಗೆ ತಾಗಿತ್ತು. ಅದು ನನಗೆ ಆಗಲೇ ಗೊತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಅವರು ಬಹಳ ಹೊತ್ತು ನೋಡಿದರು. ಗಂಗವ್ವ ಗೋಡೆಗೆ ಒರಗಿದಳು. ಲೇಯಮ್ಮನ ತುಟಿಗಳು ಅಲುಗುತ್ತಿದ್ದವು.

"ಮುಟ್ಟಿದೆ. ದಾಟಿಲ್ಲ," ಎಂದರು. "ಬೆಳಗಿನ ರೈಲಿನ ಹೊತ್ತಿಗೆ ನೋಡಿ ಹೇಳುತ್ತೇನೆ."

ಬೆಳಕು ಹರಿದಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ. ಹೊದಿಕೆ ಸರಿದದ್ದು ತಿಳಿಯಿತು. ಆಮೇಲೆ ಗಂಗವ್ವನ ದನಿ: "ಕಣ್ ತಗೀರಿ. ಕೆಳಗ ಇಳದೈತಿ."

ಗೆರೆಯ ಕೆಳಗೆ ಬೆರಳಗಲ ನನ್ನದೇ ಬಣ್ಣದ ಚರ್ಮ. ಅಷ್ಟೇ. ಅದಕ್ಕಿಂತ ಚೆಂದದ ಅಂಚನ್ನು ನಾನು ಯಾವ ಸೀರೆಗೂ ನೇಯ್ದಿಲ್ಲ.

ಡಾಕ್ಟರರು ಮೀನಖಂಡ ಕೊಯ್ದು ಕೀವು ತೆಗೆದರು. ಉಳಿದ ನಾರು ತುಂಡು ತುಂಡಾಗಿ ಬಂತು. ಆಮೇಲೆ ದಿನದಿನದ ಡ್ರೆಸಿಂಗ್, ಬ್ಯಾಂಡೇಜ್, ದಿನದಿನವೂ ಆ ಬಿಸಿನೀರಿನ ಬೋಗುಣಿ. ಈ ಹುಳ ಬರುವುದು ಕುಡಿಯುವ ನೀರಿನಿಂದ ಎಂದು ಡಾಕ್ಟರರು ತಿಳಿಸಿದರು. ನಾರು ಬಿದ್ದವರು ಬಾವಿಯಲ್ಲಿ ಕಾಲು ಅದ್ದುತ್ತಾರೆ, ಅದರ ಮರಿ ನೀರು ಸೇರುತ್ತದೆ, ಕುಡಿದವರಿಗೆ ಮುಂದಿನ ಬೇಸಿಗೆಗೆ ನಾರು. ನಮ್ಮ ಬಾವಿಯ ನೀರು ಸಕ್ಕರೆಯಂಥದು ಎಂದು ವಾದಿಸಹೊರಟವನಿಗೆ ನನ್ನ ಕಾಲು ನೀರಿನಲ್ಲಿ ತಣ್ಣಗೆ ಇಳಿಬಿದ್ದದ್ದು ನೆನಪಾಯಿತು.

ಒಂದು ದಿನ ಕಾಲು ತೊಳೆಯುತ್ತಾ ಲೇಯಮ್ಮ ಕೇಳಿದಳು: "ನಿಮ್ಮ ಬಾವಿ ದಂಡಿಮ್ಯಾಲೆ ಖಾಲಿ ಕೊಡ ಹಿಡಕೊಂಡು ಮಂದಿ ನಿಂತಿರ್ತಾರೇನ್ರಿ?"

ನಿಂತಿರುತ್ತಾರೆ. ಊರ ಹೊರಗಿನ ಕೇರಿಯವರು. ಅವರು ಮೆಟ್ಟಿಲು ಇಳಿಯುವಂತಿಲ್ಲ. ಇಳಿದವರು ಯಾರಾದರೂ ಮನಸ್ಸು ಮಾಡಿ ಮೇಲಿನಿಂದ ಸುರುವಿದರೆ ನೀರು, ಇಲ್ಲದಿದ್ದರೆ ಕಾಯಬೇಕು.

"ನಾನೂ ಸಣ್ಣಾಕಿದ್ದಾಗ ಹಂಗ ನಿಂತಾಕಿ. ಒಬ್ಬಾಕಿ ಮುದುಕಿ ಇದ್ಲು. ದಿನಾ ನಮ್ಮವ್ವನ ಕೊಡ ತುಂಬಿಸೇ ತನ್ನ ಮನಿಗೆ ಹೋಗಾಕಿ. ಆಕಿ ಹೆಸರು ಇವತ್ತೂ ನನ್ನ ಪ್ರಾರ್ಥನ್ಯಾಗ ಐತಿ."

ಹೊರಡುವ ದಿನ, ಆ ಮದುವೆಯ ಸೀರೆ ಮುಗಿದ ಮೇಲೆ ನಿಮಗೂ ಒಂದು ಸೀರೆ ನೇಯ್ದು ತರುತ್ತೇನೆ ಎಂದೆ. ಅವಳು ಬೇಡವೆಂದಳು. "ನೇಯೂದಾದ್ರ ನೀರು ಸೋಸೂವಂಥ ಒಂದು ಒತ್ತನ್ನ ಬಟ್ಟಿ ನೇಯ್ರಿ. ನಿಮ್ಮ ಊರಾಗ ಬೇಕಾಗತೈತಿ."

ಮೊಣಕಾಲು ಇನ್ನೂ ಪೂರ್ತಿ ಮಡಚುವುದಿಲ್ಲ. ಮಳೆಯ ಮೋಡ ಬಂದರೆ ಗಾಯದ ಕಲೆ ಸೆಳೆಯುತ್ತದೆ. ಮುಂದಿನ ಬೇಸಿಗೆಯಲ್ಲಿ ಮತ್ತೊಂದು ಹುಳ ತಲೆ ಹಾಕಬಹುದು, ಕುಡಿದ ನೀರು ಕುಡಿದಾಗಿದೆ. ನನ್ನ ದೇವರನ್ನು ನಾನು ಬಿಟ್ಟಿಲ್ಲ. ಲೇಯಮ್ಮನ ಸ್ವಾಮಿಗೂ ದಿನಾ ಒಂದು ಕೈ ಮುಗಿಯುತ್ತೇನೆ. ಇಬ್ಬರ ನಡುವೆ ಜಗಳವಾದರೆ ಅವರವರೇ ನೋಡಿಕೊಳ್ಳಲಿ.

ಮಗ್ಗಕ್ಕೆ ಇಳಿದ ದಿನ ಬಲಗಾಲನ್ನು ಹಲಗೆಯ ಮೇಲಿಟ್ಟು ಬಹಳ ಹೊತ್ತು ಸುಮ್ಮನೆ ಕೂತೆ. ತುಳಿಯಲು ಹೆದರಿಕೆ. ಗಂಗವ್ವ ನೂಲು ಸುತ್ತುವುದು ನಿಲ್ಲಿಸಿದ್ದಳು. ತುಳಿದೆ. ಎಳೆ ಬಾಯಿ ಬಿಟ್ಟಿತು. ಸೀರೆಯ ಸೆರಗು ಮುಗಿಸಿದೆ. ಮಗ್ಗಕ್ಕೆ ಮುಂದೆ ಹೂಡಿದ ನೂಲಿನಲ್ಲಿ ಅಂಚಿಲ್ಲದ, ಬಣ್ಣವಿಲ್ಲದ, ಒತ್ತಾದ ಬಿಳಿ ಬಟ್ಟೆ ನೇಯ್ದೆ.

ನಿನ್ನೆ ಅದನ್ನು ಹೆಗಲ ಮೇಲೆ ಹಾಕಿಕೊಂಡು ಬಾವಿಗೆ ಹೋದೆ. ನಾರು ಬಿದ್ದ ಒಬ್ಬ ನೀರಿನಲ್ಲಿ ಕಾಲು ಬಿಟ್ಟು ಕೂತಿದ್ದ. ಓಣಿಗೆಲ್ಲ ಕೇಳುವ ಹಾಗೆ ಬೈದು ಎಬ್ಬಿಸಿದೆ. ದಂಡೆಯ ಮೇಲೆ ಒಬ್ಬ ಮುದುಕಿ ಖಾಲಿ ಕೊಡ ಹಿಡಿದು ನಿಂತಿದ್ದಳು. ಗಂಗವ್ವ ಇಳಿದು ನೀರು ತಂದಳು. ನಾನು ಬಟ್ಟೆಯನ್ನು ಮುದುಕಿಯ ಕೊಡದ ಬಾಯಿಗೆ ಹಾಸಹೋದೆ. ಅವಳು ಕೊಡ ಹಿಂದಕ್ಕೆ ಎಳೆದುಕೊಂಡಳು.

"ಬ್ಯಾಡ್ರಿ ಯಪ್ಪಾ. ನಿಮ್ಮ ಬಟ್ಟಿ ನನ್ನ ಕೊಡಕ್ಕ ತಾಗತೈತ್ರಿ. ಮಂದಿ ನೋಡಾಕತ್ಯಾರ."

ಮಂದಿ ನೋಡುತ್ತಿದ್ದರು. ಗುಸುಗುಸು ಆಗಲೇ ಶುರುವಾಗಿತ್ತು.

"ತಾಗಲಿ," ಎಂದೆ. "ಹಿಡಿಯವ್ವಾ."

ಅವಳು ಹಿಡಿದಳು. ಗಂಗವ್ವ ಸುರುವಿದಳು. ನೀರು ಬಟ್ಟೆಯಿಂದ ಸಣ್ಣಗೆ ಇಳಿಯುತ್ತದೆ, ಕೊಡ ತುಂಬಲು ಹೊತ್ತು ಹಿಡಿಯುತ್ತದೆ. ತುಂಬುವ ತನಕ ನಾನು ಬಟ್ಟೆಯ ಅಂಚು ಹಿಡಿದು, ಎರಡೂ ಕಾಲಿನ ಮೇಲೆ ನಿಂತಿದ್ದೆ.